ಅಂಗಳದಲ್ಲೊಂದು ಪುಟ್ಟ ಕೊಳ: ಪಂಪ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ಕೈತೋಟದ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಬೇಸಿಗೆ ಬಂತೆಂದರೆ ತಪ್ಪದೆ ಬರುವುದು ಒಂದು: “ಅಂಗಳದಲ್ಲಿ ಸಣ್ಣದೊಂದು ಕೊಳ ಮಾಡೋಣ ಅಂತಿದೀವಿ, ಯಾವ ಪಂಪ್ ತಗೊಳ್ಳಲಿ?” ಕೆಲವರು ಆಗಲೇ ಪಂಪ್ ತರಿಸಿಕೊಂಡು, ಡಬ್ಬಿಯ ಫೋಟೊ ಕಳಿಸಿ, “ಇದು ಆಗುತ್ತಾ?” ಎನ್ನುತ್ತಾರೆ. ಪಂಪ್ ಕೊನೆಗೆ ಕೊಳ್ಳಬೇಕಾದ ಸಾಮಾನು. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ನೀರು ಎಲ್ಲಿಂದ ಬರುತ್ತದೆ, ವಾರಕ್ಕೊಮ್ಮೆ ಕೈ ಹಾಕಿ ಕ್ಲೀನ್ ಮಾಡುವವರು ಯಾರು? ಈ ಮೂರು ತೀರ್ಮಾನವಾದರೆ ಆಕಾರ, ಆಳ, ಗಿಡ ಎಲ್ಲ ಹೊಂದಿಕೊಂಡು ಬರುತ್ತವೆ. ಪಂಪಿನ ಅಳತೆ ಬರೀ ಲೆಕ್ಕ. ಎಷ್ಟೋ ಕೊಳಗಳಿಗೆ ಪಂಪೇ ಬೇಡ.

ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಲೇಖನದುದ್ದಕ್ಕೂ ಒಂದೇ ಅಳತೆ ಇಟ್ಟುಕೊಂಡಿದ್ದೇನೆ: 6 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಆಳ. ನಿಮ್ಮ ಜಾಗಕ್ಕೆ ತಕ್ಕಂತೆ ಹಿಗ್ಗಿಸಿಕೊಳ್ಳಿ, ಕುಗ್ಗಿಸಿಕೊಳ್ಳಿ.

1. ನಿಂತ ನೀರೋ, ಬೀಳುವ ನೀರೋ?

ಎರಡೂ ಬೇಕು ಎನ್ನುವವರೇ ಹೆಚ್ಚು. ಆದರೆ ತಾವರೆ, ನೈದಿಲೆಗಳಿಗೆ ಅಲುಗಾಡದ ನೀರು ಬೇಕು. ಎಲೆಯ ಮೇಲೆ ಸದಾ ನೀರು ಚಿಮ್ಮುತ್ತಿದ್ದರೆ ಎಲೆ ಕೊಳೆಯುತ್ತದೆ, ಹೂವು ಬರುವುದಿಲ್ಲ. ನೀರಿನ ಸದ್ದು ಬೇಕು ಎನ್ನುವವರಿಗೆ ಹೂವಿನ ಕೊಳಕ್ಕಿಂತ ಒಂದು ತೊಟ್ಟಿ, ಅದಕ್ಕೆ ಮೇಲಿನಿಂದ ಬೀಳುವ ಒಂದು ಧಾರೆ ಸಾಕು. ಜಾಗ ದೊಡ್ಡದಿದ್ದರೆ ಒಂದು ತುದಿಯಲ್ಲಿ ಧಾರೆ, ಇನ್ನೊಂದು ತುದಿಯಲ್ಲಿ ಹೂವು ಇಡಬಹುದು. 6 ಅಡಿ ಕೊಳದಲ್ಲಿ ಇದು ಸಾಧ್ಯ, 3 ಅಡಿಯ ಟಬ್ಬಿನಲ್ಲಿ ಅಲ್ಲ.

ಧಾರೆಗೆ ನನ್ನ ಆಯ್ಕೆ ಮಲೆನಾಡಿನ ದಂಬೆ. ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರದ ಸೀಳಿನಲ್ಲಿ, ಅಂದರೆ ದಂಬೆಯಲ್ಲಿ, ಹರಿಸಿ ಬಚ್ಚಲ ಕಲ್ಲುಮರಿಗೆಗೆ (ಕಲ್ಲಿನ ತೊಟ್ಟಿಗೆ) ಬೀಳಿಸುವ ಪದ್ಧತಿ ಅಲ್ಲಿಯ ಮನೆಗಳಲ್ಲಿ ಈಗಲೂ ಇದೆ. ಅದನ್ನೇ ಪಂಪಿನಿಂದ ಸುತ್ತಿಸಿದರೆ ಆಯಿತು. ಸಿಂಹದ ಬಾಯಿ, ಕೊಡ ಹಿಡಿದ ಫೈಬರ್ ಹುಡುಗಿ, ಬಣ್ಣದ ಎಲ್‌ಇಡಿ ಇವೆಲ್ಲ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಎರಡು ಮಳೆಗಾಲ ಕಳೆದ ಮೇಲೆ ಹೇಗೆ ಕಾಣುತ್ತವೆ ಎಂದು ಯಾರದಾದರೂ ಮನೆಯಲ್ಲಿ ನೋಡಿ ಬಂದು ಕೊಳ್ಳಿ.

ಮಣ್ಣೇ ಇಲ್ಲದ 30×40 ಸೈಟಿನವರಿಗೆ ಗುಂಡಿ ತೋಡುವ ಗೊಡವೆ ಬೇಡ. ಹಳೆಯ ಕಲ್ಲುಮರಿಗೆ, ಸಿಮೆಂಟ್ ತೊಟ್ಟಿ, ತೂತಿಲ್ಲದ ಫೈಬರ್ ಟಬ್, ಯಾವುದಾದರೂ ಆಗುತ್ತದೆ. ಒಂದು ಎಚ್ಚರಿಕೆ: ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ ಮೀನು ಬಿಡಬೇಡಿ. ನೀರಿಗೆ ಇಳಿಯುವ ತಾಮ್ರ ಮೀನಿಗೂ ಬಸವನಹುಳುವಿಗೂ ವಿಷ. ಹಂಡೆ, ಉರುಳಿಗಳಲ್ಲಿ ಹೂವು ತೇಲಿಬಿಟ್ಟು ಎರಡು ದಿನಕ್ಕೊಮ್ಮೆ ನೀರು ಚೆಲ್ಲುವುದೇ ಸರಿ.

ತಾರಸಿಯ ಮೇಲೆ ಮಾಡುವವರು ಇಲ್ಲಿ ನಿಂತು ಓದಿ. 1 ಅಡಿ ಆಳ ನೀರು ನಿಂತರೆ ಪ್ರತಿ ಚದರ ಮೀಟರಿಗೆ ಸುಮಾರು 300 ಕೆ.ಜಿ. ಭಾರ. ಜನ ಓಡಾಡುವ ತಾರಸಿಗೆ ಕಟ್ಟಡ ಸಂಹಿತೆಯಲ್ಲಿ ಹಿಡಿಯುವ ಲೆಕ್ಕ ಸುಮಾರು 150 ಕೆ.ಜಿ. ಮಾತ್ರ. ಒಂದೆರಡು ಟಬ್ಬುಗಳನ್ನು ತೊಲೆ ಅಥವಾ ಗೋಡೆಯ ನೇರಕ್ಕೆ ಇಡಬಹುದು. ಅದಕ್ಕಿಂತ ದೊಡ್ಡದಕ್ಕೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಕೈ ಹಾಕಬೇಡಿ. ಮೇಸ್ತ್ರಿ “ಏನೂ ಆಗಲ್ಲ ಸಾರ್” ಅಂದರೆ ಅದು ಲೆಕ್ಕವಲ್ಲ.

2. ಜಾಗ ಗೊತ್ತು ಮಾಡುವುದು

ಒಂದು ರಜಾದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಹೊರಗೆ ಹೋಗಿ ಬಿಸಿಲು ಎಲ್ಲಿದೆ ನೋಡಿ ಬರೆದುಕೊಳ್ಳಿ. ತಾವರೆಗೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕೇ ಬೇಕು. ನೈದಿಲೆ 4–5 ಗಂಟೆಯಲ್ಲೂ ಹೂ ಬಿಡುತ್ತದೆ, ಆದರೆ ಕಡಿಮೆ. ಬಿಸಿಲು ಮೂರು ಗಂಟೆಗಿಂತ ಕಡಿಮೆಯಿದ್ದರೆ ಹೂವಿನ ಆಸೆ ಬಿಟ್ಟು, ಕೆಸು, ಬಜೆಯಂಥ ಎಲೆ ಗಿಡಗಳನ್ನೂ ಬೀಳುವ ಧಾರೆಯನ್ನೂ ಇಟ್ಟುಕೊಳ್ಳಿ.

ಮರದ ಬುಡ ಬೇಡ. ಮಾವು, ಹೊಂಗೆ, ಮಳೆಮರಗಳ ಕೆಳಗೆ ಕೊಳ ಮಾಡಿದವರು ಎಲೆ ತೆಗೆಯುವುದನ್ನೇ ಉದ್ಯೋಗ ಮಾಡಿಕೊಳ್ಳಬೇಕಾಗುತ್ತದೆ. ಎಲೆ ಕೊಳೆತರೆ ನೀರು ಕಪ್ಪಾಗಿ ನಾರುತ್ತದೆ, ಬೇರು ಲೈನರಿನ (ಗುಂಡಿಗೆ ಹಾಸುವ ಹಾಳೆಯ) ಕೆಳಗೆ ನುಗ್ಗುತ್ತದೆ. ಅಂಗಳದ ತೀರಾ ತಗ್ಗಾದ ಮೂಲೆಯೂ ಬೇಡ. ಮಳೆ ಬಂದಾಗ ಗೊಬ್ಬರ, ಮಣ್ಣು ಕೊಚ್ಚಿಕೊಂಡು ಅಲ್ಲಿಗೇ ಬರುತ್ತವೆ. ಕುಡಿಯುವ ನೀರಿನ ಸಂಪು, ಸೆಪ್ಟಿಕ್ ಟ್ಯಾಂಕು, ಹುಗಿದ ಪೈಪು, ಕರೆಂಟ್ ಕೇಬಲ್ ಎಲ್ಲೆಲ್ಲಿ ಇವೆ ಎಂದು ಮನೆ ಕಟ್ಟಿಸಿದವರನ್ನು ಮೊದಲೇ ಕೇಳಿಕೊಳ್ಳಿ.

ವಾಸ್ತು ಪ್ರಕಾರ ಈಶಾನ್ಯವೇ ಆಗಬೇಕೇ ಎಂದು ಬಹಳ ಜನ ಕೇಳುತ್ತಾರೆ. ಈಶಾನ್ಯ ಮೂಲೆ ತೆರೆದಿದ್ದರೆ ಅಲ್ಲಿ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಹೊತ್ತಿಗೆ ಮನೆಯ ನೆರಳು ಬರುತ್ತದೆ, ಹಾಗಾಗಿ ನೀರು ಕಡಿಮೆ ಆರುತ್ತದೆ. ಮಾಡಿಕೊಳ್ಳಿ. ಆದರೆ ಆ ಮೂಲೆಯಲ್ಲಿ ಪಕ್ಕದ ಮನೆಯ ಮೂರು ಮಹಡಿ ಎದ್ದು ನಿಂತಿದ್ದರೆ ಕೊಳ ಬಿಸಿಲಿರುವ ಕಡೆಗೆ ಹೋಗಲಿ.

ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ತೆರೆದ ಕೊಳವನ್ನು ಕೆಲವು ವರ್ಷ ಮುಂದಕ್ಕೆ ಹಾಕಿ. ಅರ್ಧ ಅಡಿ ನೀರೂ ಪುಟ್ಟ ಮಗುವಿನ ಪ್ರಾಣಕ್ಕೆ ಸಾಕು, ಅದು ಸದ್ದಿಲ್ಲದೆ ಆಗುತ್ತದೆ. ಮಾಡಲೇಬೇಕು ಎಂದಿದ್ದರೆ ತೊಟ್ಟಿಯ ಬಾಯಿಗೆ ದಪ್ಪ ಕಂಬಿಯ ಜಾಲರಿ ಕೂರಿಸಿ, ಮೇಲೆ ಬೆಣಚುಕಲ್ಲು ಹರವಿ, ನೀರು ಕಲ್ಲಿನ ಕೆಳಗೇ ಇರುವಂತೆ ಮಾಡಿ. ಧಾರೆ ಕಲ್ಲಿನ ಮೇಲೆ ಬಿದ್ದು ಒಳಗಿಳಿಯುತ್ತದೆ. ಜಾಲರಿ ದೊಡ್ಡವರು ನಿಂತರೂ ಬಾಗಬಾರದು.

3. ಕಾಗದದ ಮೇಲೆ ಲೆಕ್ಕ

ಗ್ರಾಫ್ ಹಾಳೆಯೊಂದರಲ್ಲಿ ಅಂಗಳ, ಕಿಟಕಿ, ನಲ್ಲಿ, ಸ್ವಿಚ್‌ಬೋರ್ಡ್ ಗುರುತಿಸಿ ಕೊಳದ ಗೆರೆ ಎಳೆಯಿರಿ. ಆಮೇಲೆ ಅದೇ ಗೆರೆಯನ್ನು ನೆಲದ ಮೇಲೆ ಹಳೆಯ ಹೋಸ್ ಪೈಪಿನಲ್ಲಿ ಹಾಕಿ, ನಾಲ್ಕು ದಿನ ಹಾಗೇ ಬಿಡಿ. ಸ್ಕೂಟರ್ ತಿರುಗಿಸಲು, ಬಟ್ಟೆ ಒಣಹಾಕಲು, ರಂಗೋಲಿ ಇಡಲು ಅಡ್ಡ ಬರುತ್ತದೆಯೇ ಎಂದು ಮನೆಯವರೇ ಹೇಳುತ್ತಾರೆ.

ನೀರಿನ ಲೆಕ್ಕ: ಉದ್ದ × ಅಗಲ × ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. ನಮ್ಮ ಕೊಳಕ್ಕೆ 6 × 4 × 1.5 ಅಂದರೆ 36 ಘನ ಅಡಿ, ಸುಮಾರು 1,000 ಲೀಟರ್. ಗೋಡೆಯ ಇಳಿಜಾರು, ಒಳಗಿನ ಮೆಟ್ಟಿಲು ಕಳೆದರೆ 800 ಲೀಟರ್ ಎಂದಿಟ್ಟುಕೊಳ್ಳಿ.

ಒಳಗೆ ಮೆಟ್ಟಿಲು ಏಕೆ? ಗಿಡಗಳಿಗೆ ಬೇರೆ ಬೇರೆ ಆಳ ಬೇಕು. ಒಂದೆಲಗಕ್ಕೆ ಬೇರು ತೊಯ್ದರೆ ಸಾಕು, ಬಜೆಗೆ ಎರಡು ಮೂರು ಇಂಚು ನೀರು, ನೈದಿಲೆಗೆ ಒಂದು ಅಡಿಗೂ ಮೇಲೆ. ಮೆಟ್ಟಿಲಿದ್ದರೆ ಬಿದ್ದ ಕಪ್ಪೆ, ಓತಿಕ್ಯಾತ, ಬೆಕ್ಕಿನ ಮರಿ ಹತ್ತಿ ಬರುತ್ತವೆ. ಹಂಪಿಯ ಮೆಟ್ಟಿಲು ಪುಷ್ಕರಣಿಯನ್ನು ನೋಡಿದವರಿಗೆ ಇನ್ನೊಂದು ಅನುಕೂಲವೂ ಹೊಳೆದಿರುತ್ತದೆ: ನೀರು ಎಷ್ಟು ಇಳಿದರೂ ಕೊಳ ಕೊಳದ ಹಾಗೆಯೇ ಕಾಣುತ್ತದೆ. ನಮ್ಮ ಅಳತೆಗೆ ಒಂದು ಬದಿಯಲ್ಲಿ 9 ಇಂಚು ಅಗಲ, 8 ಇಂಚು ಆಳದ ಒಂದೇ ಮೆಟ್ಟಿಲು ಸಾಕು.

4. ನೀರು ಎಲ್ಲಿಂದ?

ಈ ಪ್ರಶ್ನೆಯನ್ನು ಎಲ್ಲರೂ ಹಾರಿಸುತ್ತಾರೆ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟ, ಕಾರಂಜಿಗಳಿಗೆ ಬಳಸಬಾರದೆಂದು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಎಂದುಕೊಂಡು ಕೊಳ ಮಾಡಬೇಡಿ.

ಕಾವೇರಿ ನೀರಾಗಲಿ ಟ್ಯಾಂಕರ್ ನೀರಾಗಲಿ ಬೇಕಿಲ್ಲ. 1 ಚದರ ಮೀಟರ್ ತಾರಸಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 500 ಚದರಡಿ ತಾರಸಿ ಅಂದರೆ ಸುಮಾರು 46 ಚದರ ಮೀಟರ್. 20 ಮಿ.ಮೀ. ಮಳೆ ಬಂದರೆ, ಸೋರಿ ಆರಿ ಹೋದದ್ದು ಕಳೆದು, 750 ಲೀಟರಿಗೆ ಮೋಸವಿಲ್ಲ. ಮೇ ತಿಂಗಳ ಒಂದು ಗುಡುಗು ಮಳೆಗೆ ನಮ್ಮ ಕೊಳ ಹೆಚ್ಚುಕಡಿಮೆ ತುಂಬುತ್ತದೆ. ತಾರಸಿ ತೊಳೆದು ಬರುವ ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಟ್ಟು ಆಮೇಲೆ ತಿರುಗಿಸಿಕೊಳ್ಳಿ.

ಆರಿ ಹೋಗುವ ನೀರು: ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ 5ರಿಂದ 8 ಮಿ.ಮೀ. ಇಳಿಯುತ್ತದೆ, ಬಳ್ಳಾರಿ, ಕಲಬುರಗಿ ಕಡೆ ಇನ್ನೂ ಹೆಚ್ಚು. ನಮ್ಮ ಕೊಳದ ಬಾಯಿ 2.2 ಚದರ ಮೀಟರ್, ಅಂದರೆ ದಿನಕ್ಕೆ ಒಂದು ಬಕೆಟ್. ಅಕ್ಕಿ, ತರಕಾರಿ ತೊಳೆದ ನೀರನ್ನು ಹಾಕಬಹುದೇ ಎಂದು ಕೇಳಬೇಡಿ. ಅದು ಗಿಡದ ಬುಡಕ್ಕೆ ಒಳ್ಳೆಯದು, ಕೊಳಕ್ಕೆ ಹಾಕಿದರೆ ಪಾಚಿ. ಆರ್‌ಒ ಫಿಲ್ಟರಿನಿಂದ ಹೊರಬರುವ ನೀರೂ ಬೇಡ, ಉಪ್ಪಿನಂಶ ಸೇರುತ್ತಾ ಹೋಗುತ್ತದೆ.

5. ಗುಂಡಿ, ಮತ್ತು ಮಟ್ಟ

ಅಗೆಯುವುದು ಅರ್ಧ ದಿನದ ಕೆಲಸ. ಗೋಡೆಗಳನ್ನು ನೆಟ್ಟಗೆ ಕತ್ತರಿಸದೆ ಸ್ವಲ್ಪ ಇಳಿಜಾರು ಕೊಡಿ, ಇಲ್ಲದಿದ್ದರೆ ಮಣ್ಣು ಕುಸಿಯುತ್ತದೆ. ಆಳವನ್ನು ಎರಡು ಇಂಚು ಹೆಚ್ಚೇ ತೆಗೆಯಿರಿ, ಕೆಳಗೆ ಮರಳು ಹಾಸಬೇಕು.

ಹೊತ್ತು ಕಳೆಯಬೇಕಾದದ್ದು ಅಂಚಿನ ಮಟ್ಟಕ್ಕೆ. ನೀರು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ಒಂದು ಬದಿ ಒಂದು ಇಂಚು ಎತ್ತರವಾದರೆ ಆ ಬದಿಯಲ್ಲಿ ಕಪ್ಪು ಲೈನರ್ ಪಟ್ಟಿ ಸದಾ ಕಣ್ಣಿಗೆ ಹೊಡೆಯುತ್ತದೆ, ಎದುರು ಬದಿಯಲ್ಲಿ ನೀರು ಹೊರಗೆ ಚೆಲ್ಲುತ್ತದೆ. ರಸಮಟ್ಟ ಸಣ್ಣ ಅಳತೆಗೆ ಸರಿ, ಆರು ಅಡಿಗೆ ಗಾರೆಯವರ ಟ್ಯೂಬ್ ಲೆವೆಲ್ಲೇ ವಾಸಿ. 20 ಅಡಿಯ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗೆ ನೀರು ತುಂಬಿ, ಒಳಗೆ ಗುಳ್ಳೆ ಉಳಿಯದ ಹಾಗೆ ಬೆರಳಿನಿಂದ ತಟ್ಟಿ ಹೊರಡಿಸಿ. ಅಂಚಿನ ಸುತ್ತ ಎರಡೆರಡು ಅಡಿಗೊಂದು ಗೂಟ ಹೊಡೆಯಿರಿ. ಒಬ್ಬರು ಕೊಳವೆಯ ಒಂದು ತುದಿಯನ್ನು ಮೊದಲ ಗೂಟಕ್ಕೆ ಹಿಡಿದು ನಿಲ್ಲಲಿ, ಇನ್ನೊಬ್ಬರು ಮತ್ತೊಂದು ತುದಿಯನ್ನು ಗೂಟದಿಂದ ಗೂಟಕ್ಕೆ ಒಯ್ದು, ನೀರು ನಿಂತ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆಯಲಿ. ಪ್ರತಿ ಸಲವೂ ಮೊದಲ ತುದಿಯ ನೀರು ಮೊದಲ ಗೆರೆಯಲ್ಲೇ ಇರಬೇಕು. ಎಲ್ಲ ಗೆರೆಗೂ ದಾರ ಕಟ್ಟಿದರೆ ಅದೇ ನಿಮ್ಮ ಅಂಚು. ತಗ್ಗಿದ್ದ ಕಡೆ ಮಣ್ಣು ಏರಿಸಿ ಗಟ್ಟಿಯಾಗಿ ದಮ್ಮಸ್ಸು ಮಾಡಿ. ಸಡಿಲ ಮಣ್ಣು ಏರಿಸಿ ಬಿಟ್ಟರೆ ಮೊದಲ ಮಳೆಗೇ ಕೂರುತ್ತದೆ.

6. ಲೈನರ್ ಹಾಸುವುದು

ಲೈನರ್ ಅಂದರೆ ನೀರು ಇಂಗದಂತೆ ಗುಂಡಿಗೆ ಹಾಸುವ ಹಾಳೆ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಹಾಳೆಯೇ ಸಾಕು. 2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಂಡ ತೋಡಿಸಿದವರು ಹೆಚ್ಚಾದರು. ಈಗ ತಾಲ್ಲೂಕು ಊರುಗಳಲ್ಲೂ ಕೃಷಿ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ ಅಥವಾ ತರಿಸಿಕೊಡುತ್ತಾರೆ. ನೀಲಿ ಟಾರ್ಪಾಲು ಬೇಡವೇ ಬೇಡ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಅಳತೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಜೊತೆಗೆ ಅಂಚಿಗೆಂದು 2 ಅಡಿ. ಅಗಲಕ್ಕೂ ಹೀಗೇ. ನಮ್ಮ ಕೊಳಕ್ಕೆ 6 + 3 + 2 = 11 ಅಡಿ, 4 + 3 + 2 = 9 ಅಡಿ. ಹಾಳೆ ಒಂದೇ ತುಂಡಾಗಿರಲಿ, ಮನೆಯಲ್ಲಿ ಅಂಟಿಸಿದ ಜೋಡಣೆ ನಿಲ್ಲುವುದಿಲ್ಲ.

ಹಾಸುವ ಮೊದಲು ಕಲ್ಲು, ಬೇರಿನ ತುಂಡು, ಗಾಜಿನ ಚೂರು ಎಲ್ಲ ಕೈಯಾಡಿಸಿ ತೆಗೆಯಿರಿ. ಹೆಗ್ಗಣ ಓಡಾಡುವ ಜಾಗವಾದರೆ ತಳಕ್ಕೆ ಸಣ್ಣ ಕಣ್ಣಿನ ಕಂಬಿ ಜಾಲರಿ ಹಾಕಿ. ಅದನ್ನು ಪೂರ್ತಿ ಮುಚ್ಚುವಂತೆ ಎರಡು ಇಂಚು ಮರಳು, ಅದರ ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರು. ಯಾರದೋ ಹುಟ್ಟುಹಬ್ಬದ ಶುಭಾಶಯ ಕೊನೆಗೂ ಒಂದು ಕೆಲಸಕ್ಕೆ ಬರಲಿ. ಗೋಣಿಚೀಲ ಹಾಕಬೇಡಿ, ಗೆದ್ದಲು ತಿಂದು ಕೆಳಗೆ ಟೊಳ್ಳಾಗುತ್ತದೆ.

ಎಚ್‌ಡಿಪಿಇ ಬಿರುಸು. ಒಂದು ಗಂಟೆ ಬಿಸಿಲಿಗೆ ಹರವಿಟ್ಟರೆ ಮೆತ್ತಗಾಗಿ ಮಾತು ಕೇಳುತ್ತದೆ. ಗುಂಡಿಯೊಳಗೆ ಸಡಿಲವಾಗಿ ಇಳಿಬಿಟ್ಟು, ಮೂಲೆಗಳಲ್ಲಿ ಸೀರೆಯ ನೆರಿಗೆ ಹಿಡಿದಂತೆ ಒಂದೇ ದೊಡ್ಡ ಮಡಿಕೆ ಮಾಡಿ. ನೀರು ನಿಧಾನವಾಗಿ ಬಿಡುತ್ತಾ, ಅದರ ಭಾರಕ್ಕೆ ಹಾಳೆ ಕೂರುತ್ತಿದ್ದಂತೆ ಎಳೆದು ಸರಿಪಡಿಸಿ. ಬಿಗಿಯಾಗಿ ಎಳೆದು ಕಲ್ಲಿಟ್ಟು ಆಮೇಲೆ ನೀರು ಬಿಟ್ಟರೆ ಮೆಟ್ಟಿಲ ಮೂಲೆಯಲ್ಲಿ ಹರಿಯುತ್ತದೆ. ಪೂರ್ತಿ ತುಂಬಿ ಒಂದು ದಿನ ಬಿಟ್ಟ ಮೇಲಷ್ಟೇ ಹೆಚ್ಚಾದ ಅಂಚು ಕತ್ತರಿಸಿ.

*ಸಿಮೆಂಟೇ ಬೇಕು ಎನ್ನುವವರಿಗೆ.* ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಸಿಮೆಂಟ್ ಕೊಳ ಮಾಡಿಸಬೇಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ತೊಟ್ಟಿಯೂ ಬಿರಿಯುತ್ತದೆ. ಕೆಮ್ಮಣ್ಣು, ಮುರಕಲ್ಲಿನ ನೆಲದಲ್ಲಿ ಆ ಭಯ ಕಡಿಮೆ. ಆದರೆ ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ, ಅದರಲ್ಲಿ ಮೀನು ಬದುಕುವುದಿಲ್ಲ. ನೀರು ತುಂಬಿ ಐದಾರು ದಿನ ಬಿಟ್ಟು ಖಾಲಿ ಮಾಡುವುದನ್ನು ಮೂರು ನಾಲ್ಕು ಸಲವಾದರೂ ಮಾಡಬೇಕು. ಮೀನು ಸಾಕುವವರು ಬಾಳೆದಿಂಡನ್ನು ತುಂಡು ಮಾಡಿ ತೊಟ್ಟಿಯಲ್ಲಿ ಕೊಳೆಹಾಕುತ್ತಾರೆ, ಅದೂ ಒಳ್ಳೆಯ ಉಪಾಯ; ಆಮೇಲೆ ಚೆನ್ನಾಗಿ ತಿಕ್ಕಿ ತೊಳೆಯಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿ ಅದ್ದಿ ನೋಡಿ: ಪಿಎಚ್ ಅಂದರೆ ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ, 8.5ಕ್ಕಿಂತ ಕೆಳಗೆ ಬಂದ ಮೇಲೆ ಮೀನು.

7. ಅಂಚು ಕಟ್ಟುವುದು

“ಕೊಳ ಸೋರುತ್ತಿದೆ” ಎಂದು ಬರುವ ದೂರುಗಳಲ್ಲಿ ಬಹುಪಾಲು ಸೋರಿಕೆಯೇ ಅಲ್ಲ. ಲೈನರಿನ ತುದಿ ಅಂಚಿನಲ್ಲಿ ಚಪ್ಪಟೆ ಮಲಗಿ, ಅದರ ಮೇಲೆ ಮಣ್ಣು, ಹುಲ್ಲು ಬಂದರೆ, ಆ ಮಣ್ಣು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಹಗಲಿರುಳು ನೀರು ಎಳೆದು ಹೊರಗೆ ಹಾಕುತ್ತದೆ. ಅದಕ್ಕೆ ಲೈನರಿನ ತುದಿ ಕಲ್ಲಿನ ಹಿಂದೆ ಮೇಲ್ಮುಖವಾಗಿ ನಿಂತು, ನೀರಿನ ಮಟ್ಟಕ್ಕಿಂತ ಎರಡು ಇಂಚು ಎತ್ತರದಲ್ಲಿ ಮುಗಿಯಬೇಕು. ಹೊರಗಿನ ಮಣ್ಣಿಗೂ ಒಳಗಿನ ನೀರಿಗೂ ನಂಟೇ ಇರಬಾರದು.

ಮೇಲೆ ಚಪ್ಪಡಿ ಕಲ್ಲನ್ನು ಎರಡು ಇಂಚು ಒಳಚಾಚಿ ಕೂರಿಸಿದರೆ ಲೈನರ್ ಕಾಣುವುದಿಲ್ಲ, ಬಿಸಿಲೂ ತಾಗುವುದಿಲ್ಲ. ಕಲ್ಲಿನ ಮುಕ್ಕಾಲು ಪಾಲು ನೆಲದ ಮೇಲಿರಲಿ, ತುದಿ ತುಳಿದರೆ ಮಗುಚಬಾರದು. ನಿಮ್ಮ ಊರಿನ ಕಲ್ಲನ್ನೇ ಹಾಕಿ: ಕಲಬುರಗಿ ಕಡೆ ಶಹಾಬಾದ್, ಕರಾವಳಿಯಲ್ಲಿ ಮುರಕಲ್ಲು, ಬೆಂಗಳೂರು, ಕೋಲಾರದಲ್ಲಿ ಗ್ರಾನೈಟ್ ಸೀಳು. ನಯ ಮಾಡಿದ ಗ್ರಾನೈಟ್ ಬೇಡ, ಒದ್ದೆಯಾದರೆ ಜಾರುತ್ತದೆ.

ಇದೇ ಹಂತದಲ್ಲಿ ಹೊರಹರಿವಿನ ಪೈಪು. ಅಂಚಿಗಿಂತ ಎರಡು ಇಂಚು ಕೆಳಗೆ, ಬಾಯಿಗೆ ಜಾಲರಿ ಕಟ್ಟಿದ 2 ಇಂಚಿನ ಪಿವಿಸಿ ಪೈಪು, ಅದರ ಇನ್ನೊಂದು ತುದಿ ಬಾಳೆಯ ಬುಡಕ್ಕೋ ಇಂಗುಗುಂಡಿಗೋ. ಲೈನರನ್ನು ಕೊರೆಯುವ ಬದಲು ಅಂಚಿನಲ್ಲೇ ಒಂದು ಕಡೆ ತಗ್ಗು ಮಾಡಿ ಪೈಪು ಕೂರಿಸಿದರೆ ಸುಲಭ. ಮಂಗಳೂರು, ಕಾರವಾರದ ಮಳೆಗೆ ಇದಿಲ್ಲದಿದ್ದರೆ ಮೀನುಗಳು ಜೂನ್ ತಿಂಗಳಲ್ಲಿ ಚರಂಡಿ ಸೇರುತ್ತವೆ.

8. ಈಗ ಪಂಪ್

ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಎಲ್‌ಪಿಎಚ್ ಅಂದರೆ ಗಂಟೆಗೆ ಎಷ್ಟು ಲೀಟರ್ ಎತ್ತುತ್ತದೆ. ಎಚ್-ಮ್ಯಾಕ್ಸ್ ಅಂದರೆ ನೀರು ಏರಬಲ್ಲ ಕಡೆಯ ಎತ್ತರ, ಆ ಎತ್ತರದಲ್ಲಿ ಹರಿವು ಸೊನ್ನೆ. ಮೋಸ ಹೋಗುವುದು ಇಲ್ಲೇ. “1,500 ಎಲ್‌ಪಿಎಚ್, 2.5 ಮೀಟರ್” ಎಂದರೆ ಎರಡೂವರೆ ಮೀಟರ್ ಎತ್ತರಕ್ಕೆ 1,500 ಲೀಟರ್ ಏರುತ್ತದೆ ಎಂದಲ್ಲ. ನಡುವಿನ ಎತ್ತರದಲ್ಲಿ ಅಂದಾಜು ಅರ್ಧ ಸಿಗುತ್ತದೆ.

ಹಾಳೆಯಂತೆ ಬೀಳುವ ಧಾರೆಗೆ ಪ್ರತಿ ಇಂಚು ಅಗಲಕ್ಕೆ ಗಂಟೆಗೆ 350–400 ಲೀಟರ್ ಬೇಕು. ನಮ್ಮ ದಂಬೆಯ ಬಾಯಿ ಎರಡು ಇಂಚು ಅಂದರೆ 800 ಲೀಟರ್. ಪಂಪ್ ಕೂತ ತಳದಿಂದ ದಂಬೆಯವರೆಗೆ 4 ಅಡಿ, ಅಂದರೆ 1.2 ಮೀಟರ್. ಹಾಗಾದರೆ ಎಚ್-ಮ್ಯಾಕ್ಸ್ 2.5 ಮೀಟರ್ ಇರುವ, 1,600–1,800 ಎಲ್‌ಪಿಎಚ್‌ನ ಪಂಪ್ ಸರಿ. ಹೆಚ್ಚಾದರೆ ಕವಾಟ ತಿರುಗಿಸಿ ತಗ್ಗಿಸಬಹುದು, ಕಡಿಮೆಯಾದದ್ದನ್ನು ಹೆಚ್ಚಿಸಲು ಬರುವುದಿಲ್ಲ. ಪರೀಕ್ಷೆ ಸುಲಭ: ದಂಬೆಯ ಕೆಳಗೆ 10 ಲೀಟರ್ ಬಕೆಟ್ ಹಿಡಿಯಿರಿ, 45 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 800 ಲೀಟರ್. 30 ವ್ಯಾಟಿನ ಪಂಪ್ ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ ಸುಮಾರು 7 ಯೂನಿಟ್.

ಮೇಲಕ್ಕೆ ಚಿಮ್ಮುವ ಕಾರಂಜಿಯಾದರೆ ಚಿಮ್ಮುವ ಎತ್ತರ ಕೊಳದ ಅಗಲದ ಅರ್ಧ ದಾಟಬಾರದು. ದಾಟಿದರೆ ಗಾಳಿಗೆ ನೀರೆಲ್ಲ ಅಂಗಳದ ಪಾಲು. ದಂಬೆಯ ಸದ್ದು ಹೆಚ್ಚೆನಿಸಿದರೆ ಅದು ಬೀಳುವ ಜಾಗದಲ್ಲಿ ಒಂದು ಚಪ್ಪಟೆ ಕಲ್ಲನ್ನು ನೀರಿನ ಮಟ್ಟಕ್ಕೆ ಇಟ್ಟು, ಅತ್ತಿತ್ತ ಸರಿಸಿ ನೋಡಿ. ಮಲಗುವ ಕೋಣೆಯ ಕಿಟಕಿ ಹತ್ತಿರವಿದ್ದರೆ ಇದರಲ್ಲಿ ಅರ್ಧ ಗಂಟೆ ಕಳೆಯುವುದು ದಂಡವಲ್ಲ.

*ಕರೆಂಟಿನ ವಿಷಯದಲ್ಲಿ ರಾಜಿ ಬೇಡ.* ಪಂಪಿನ ಸಾಲಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ದಾರಿ ತಪ್ಪಿ ನೀರಿಗೋ ಮೈಗೋ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುವ ಸ್ವಿಚ್ ಅದು. ಸಾಮಾನ್ಯ ಎಂಸಿಬಿ ಆ ಕೆಲಸ ಮಾಡುವುದಿಲ್ಲ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಸಾಕೆಟ್ಟು ಮುಚ್ಚಳವಿರುವ ಮಳೆ ತಡೆಯುವ ಮಾದರಿಯದಾಗಿರಲಿ, ಕೇಬಲ್ ಪೈಪಿನೊಳಗೆ ಹೋಗಲಿ, ಸಾಕೆಟ್ಟಿಗೆ ಬರುವ ಮುಂಚೆ ಒಂದು ಸಲ ಕೆಳಗೆ ಜೋಲಲಿ. ಆಗ ತಂತಿಗುಂಟ ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಇದು ಗೋಜಲು ಎನಿಸಿದರೆ ಅಡಾಪ್ಟರ್ ಮನೆಯೊಳಗಿರುವ 12 ವೋಲ್ಟಿನ ಪಂಪ್ ತಗೊಳ್ಳಿ. ಬ್ಯಾಟರಿಯಿಲ್ಲದ ಸೋಲಾರ್ ಕಾರಂಜಿ ಮೋಡ ಬಂದರೆ ನಿಲ್ಲುತ್ತದೆ, ಮಕ್ಕಳಿಗೆ ಖುಷಿ, ಅಷ್ಟೇ.

9. ಗಿಡಗಳು

ಅಂಗಡಿಯಲ್ಲಿ ಎರಡನ್ನೂ ‘ಲೋಟಸ್’ ಎಂದೇ ಮಾರುತ್ತಾರೆ. ಎಲೆ ದುಂಡಗೆ, ಸೀಳಿಲ್ಲದೆ, ನೀರಿನಿಂದ ಮೇಲೆದ್ದು ನಿಂತರೆ ತಾವರೆ. ಒಂದು ಕಡೆ ಸೀಳಿದ್ದು ನೀರಿನ ಮೇಲೆ ಮಲಗಿದ್ದರೆ ನೈದಿಲೆ. ನಮ್ಮ ಅಳತೆಯ ಕೊಳಕ್ಕೆ ಒಂದೋ ಎರಡೋ ನೈದಿಲೆ ಸಾಕು. ತಾವರೆಯನ್ನು ನೇರವಾಗಿ ಕೊಳದಲ್ಲಿ ಬಿಟ್ಟರೆ ಒಂದೇ ವರ್ಷದಲ್ಲಿ ಕೊಳವೆಲ್ಲ ತನ್ನದು ಎನ್ನುತ್ತದೆ; ತೂತಿಲ್ಲದ ಅಗಲ ಟಬ್ಬಿನಲ್ಲಿ ನೆಟ್ಟು ಒಳಗಿಡಿ.

ಮಣ್ಣಿಗೆ ಕೆರೆಗೋಡು, ಅಂದರೆ ಕೆರೆಯ ಹೂಳು, ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಇಲ್ಲದಿದ್ದರೆ ಅಂಟು ಮಣ್ಣು. ಕೋಕೋಪೀಟ್, ಎರೆಹುಳು ಗೊಬ್ಬರ ಹಾಕಿದರೆ ತೇಲಿ ಬಂದು ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಗೆಡ್ಡೆಯನ್ನು ಅಡ್ಡಡ್ಡ ಮಲಗಿಸಿ, ಮೊಳಕೆಯ ತುದಿ ಮಣ್ಣಿನಿಂದ ಹೊರಗಿರಲಿ. ಆ ತುದಿ ಮುರಿದರೆ ಅಲ್ಲಿಂದ ಚಿಗುರುವುದಿಲ್ಲ, ಹಾಗಾಗಿ ಗೆಡ್ಡೆಯನ್ನು ಅಂಗಡಿಯವರು ಎಸೆದಾಡಿದ್ದರೆ ಕೊಳ್ಳಬೇಡಿ. ಮಣ್ಣಿನ ಮೇಲೆ ಸಣ್ಣ ಜಲ್ಲಿ ಹಾಕಿ, ಮೊದಲು ಮೂರು ನಾಲ್ಕು ಇಂಚು ನೀರಿನಲ್ಲಿಟ್ಟು, ಎಲೆ ಬಂದಂತೆ ಆಳಕ್ಕೆ ಇಳಿಸಿ. ಗೊಬ್ಬರವೆಂದರೆ ಒಂದು ಚಮಚ ಮೂಳೆಪುಡಿಯನ್ನು ಕಾಗದದಲ್ಲಿ ಸುತ್ತಿ ಬೇರಿನ ಹತ್ತಿರ ಆಳಕ್ಕೆ ತುರುಕುವುದು, ಅದೂ ಗಿಡ ಊರಿಕೊಂಡ ಮೇಲೆ. ಸಗಣಿ ಗೊಬ್ಬರವನ್ನು ನೀರಿಗೆ ಸುರಿಯಬೇಡಿ.

ಮೆಟ್ಟಿಲ ಮೇಲೆ ಬಜೆ, ನೀರುಬ್ರಾಹ್ಮಿ, ಒಂದೆಲಗ. ನೀರೊಳಗೆ ಒಂದು ಹಿಡಿ ವ್ಯಾಲಿಸ್ನೇರಿಯಾ ಎಂಬ ಮುಳುಗಿ ಬೆಳೆಯುವ ಗಿಡ. ಅದು ಪಾಚಿಗೆ ಹೋಗಬೇಕಾದ ಸಾರವನ್ನು ತಾನು ತಿನ್ನುತ್ತದೆ. ಅಂತರಗಂಗೆ, ನೇರಳೆ ಹೂವಿನ ಹಯಸಿಂತ್, ಸಾಲ್ವೀನಿಯಾ ಬೇಡ. ಬೆಂಗಳೂರಿನ ಕೆರೆಗಳು ಏನಾಗಿವೆ ಎಂದು ನೋಡಿದ್ದೀರಿ. ಹೆಚ್ಚಾದ ಯಾವ ನೀರುಗಿಡವನ್ನೂ ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ, ಒಣಗಿಸಿ ಕಾಂಪೋಸ್ಟಿಗೆ ಹಾಕಿ. ನೀರಿನ ಬಾಯಿಯ ಅರ್ಧಕ್ಕಿಂತ ತುಸು ಹೆಚ್ಚು ಎಲೆಗಳಿಂದ ಮುಚ್ಚಿದ್ದರೆ ಪಾಚಿಗೆ ಬಿಸಿಲು ಸಿಗದು.

ಮೊದಲ ತಿಂಗಳಲ್ಲಿ ನೀರು ಹಸಿರಾಗುತ್ತದೆ. ಗಾಬರಿಯಾಗಿ ಪೂರ್ತಿ ನೀರು ಬದಲಿಸಿದರೆ ಮತ್ತೆ ಮೊದಲಿನಿಂದ ಹಸಿರಾಗುತ್ತದೆ. ಗಿಡ ಬೆಳೆಯಲು ಬಿಡಿ, ತಾನಾಗಿ ತಿಳಿಯಾಗುತ್ತದೆ.

10. ಸೊಳ್ಳೆ ಮತ್ತು ಮೀನು

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೂ ದಂಡ ಗೊತ್ತು ಮಾಡಿದೆ. ಹಾಗಾಗಿ ಮೀನಿಲ್ಲದ ನಿಂತ ನೀರು ಇಡಬೇಡಿ.

ಸಾಮಾನ್ಯವಾಗಿ ಗಪ್ಪಿ ಬಿಡುತ್ತಾರೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ಅದು ಹೊರದೇಶದ ಮೀನು, ಹಳ್ಳ ಕೆರೆ ಸೇರಿದರೆ ನಮ್ಮ ಮೀನುಗಳಿಗೆ ಕುತ್ತು. ನನ್ನ ಮಾತು ಕೇಳುವುದಾದರೆ ಪ್ಯಾನ್‌ಚ್ಯಾಕ್ಸ್ ಹುಡುಕಿ. ಪಶ್ಚಿಮ ಘಟ್ಟದ ತೊರೆಗಳ, ಗದ್ದೆ ಕಾಲುವೆಗಳ ಮೀನು. ಮೇಲಿನಿಂದ ನೋಡಿದರೆ ತಲೆಯ ಮೇಲೆ ಒಂದು ಬೆಳ್ಳಿ ಚುಕ್ಕೆ ಹೊಳೆಯುತ್ತದೆ. ನೀರಿನ ಮೇಲ್ಪದರದಲ್ಲೇ ಇದ್ದು ಮರಿಹುಳುಗಳನ್ನು ಹೆಕ್ಕುತ್ತದೆ. ನಮ್ಮ ಕೊಳಕ್ಕೆ ಹತ್ತು ಸಾಕು. ಸೊಳ್ಳೆ ತಿನ್ನಲಿ ಎಂದು ಬಿಟ್ಟ ಮೇಲೆ ಕೈತುಂಬಾ ಆಹಾರ ಹಾಕಬೇಡಿ, ಹೊಟ್ಟೆ ತುಂಬಿದ ಮೀನು ಹುಳು ಹುಡುಕುವುದಿಲ್ಲ. ಕೊಯ್ ಮೀನು ಈ ಅಳತೆಗೆ ಅಲ್ಲ. ಅದು ಎರಡು ಅಡಿಯವರೆಗೂ ಬೆಳೆಯುತ್ತದೆ, ಮೂರು ಅಡಿಗೂ ಹೆಚ್ಚು ಆಳ ಕೇಳುತ್ತದೆ.

ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ತೆರೆದಿಟ್ಟು, ಗಿಡ ನೆಟ್ಟು ಎರಡು ಮೂರು ವಾರವಾದ ಮೇಲೆ ಮೀನು ಬಿಡಿ; ಅಲ್ಲಿಯವರೆಗೆ ಸೊಳ್ಳೆಗೆ ಕೆಳಗೆ ಹೇಳಿರುವ ಬಿಟಿಐ ಹಾಕಿ. ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ಅರ್ಧ ಗಂಟೆ ಕೊಳದಲ್ಲಿ ತೇಲಿಬಿಟ್ಟರೆ ನೀರಿನ ಬಿಸಿ ಹೊಂದಿಕೊಳ್ಳುತ್ತದೆ. ಒಡೆದ ಮಡಕೆಯೊಂದನ್ನು ತಳದಲ್ಲಿ ಬೋರಲು ಹಾಕಿ, ಮಿಂಚುಳ್ಳಿ ಬಂದಾಗ ಮೀನಿಗೆ ಅಡಗುತಾಣವಿರಲಿ.

ಮೀನು ಇಡಲಾಗದ ಪುಟ್ಟ ಬೋಗುಣಿಗಳಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ಬಿಲ್ಲೆ ಸಿಗುತ್ತದೆ. ಅದು ಸೊಳ್ಳೆಮರಿಗಳನ್ನು ಕೊಲ್ಲುತ್ತದೆ, ಹಕ್ಕಿ, ಕಪ್ಪೆಗಳಿಗೆ ತೊಂದರೆಯಿಲ್ಲ. ಸೀಮೆಎಣ್ಣೆ ಮಾತ್ರ ಸುರಿಯಬೇಡಿ. ಏರೋಪ್ಲೇನ್ ಚಿಟ್ಟೆಗಳು ಬಂದು ಮೊಟ್ಟೆಯಿಟ್ಟರೆ ಓಡಿಸಬೇಡಿ, ಅವುಗಳ ಮರಿಗಳೂ ಸೊಳ್ಳೆಮರಿ ತಿನ್ನುತ್ತವೆ. ಕಪ್ಪೆಯ ಹಿಂದೆ ಒಮ್ಮೊಮ್ಮೆ ನೀರೊಳ್ಳೆ ಹಾವೂ ಬರುತ್ತದೆ. ಅದಕ್ಕೆ ವಿಷವಿಲ್ಲ, ಆದರೆ ಗುರುತು ಖಚಿತವಿಲ್ಲದವರು ದೂರ ನಿಂತು ಹಾವು ಹಿಡಿಯುವವರಿಗೆ ಫೋನ್ ಮಾಡಿ.

11. ಆಮೇಲಿನ ಕೆಲಸ

ವಾರಕ್ಕೆ ಹದಿನೈದು ನಿಮಿಷ. ಹಳದಿ ಎಲೆ ಕತ್ತರಿಸಿ, ಪಂಪಿನ ಸ್ಪಂಜನ್ನು ಕೊಳದ ನೀರಿನಲ್ಲೇ ಹಿಂಡಿ. ನಲ್ಲಿ ನೀರಿನಲ್ಲಿ ತೊಳೆದರೆ ಅದರಲ್ಲಿ ಮನೆ ಮಾಡಿದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಬೋರ್‌ವೆಲ್ ನೀರು ಗಡಸಾದರೆ ಪಂಪಿನೊಳಗೆ ಬಿಳಿ ಗಾರು ಕಟ್ಟುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪಂಪನ್ನು ಹೊರತೆಗೆದು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಡಿಸೆಂಬರ್, ಜನವರಿಯಲ್ಲಿ ತಾವರೆ ಎಲೆ ಒಣಗಿಸಿಕೊಂಡು ಸತ್ತಂತೆ ಕಾಣುತ್ತದೆ. ಕಿತ್ತೆಸೆಯಬೇಡಿ, ಗೆಡ್ಡೆ ಮಲಗಿದೆ.

ನೀರಿನ ಮಟ್ಟ ಬೇಗ ಇಳಿಯುತ್ತಿದ್ದರೆ ಪಂಪನ್ನು ಎರಡು ದಿನ ನಿಲ್ಲಿಸಿ ನೋಡಿ. ಇಳಿಯುವುದು ನಿಂತರೆ ದೋಷ ಧಾರೆಯ ಕಡೆ: ನೀರು ಹೊರಗೆ ಸಿಡಿಯುತ್ತಿದೆ ಅಥವಾ ದಂಬೆಯ ಕೆಳಮೈಯನ್ನು ಹಿಡಿದುಕೊಂಡು ಹಿಂದಕ್ಕೆ ಹರಿಯುತ್ತಿದೆ. ಆಗಲೂ ಇಳಿಯುತ್ತಿದ್ದರೆ ಮೊದಲು ಅಂಚು ನೋಡಿ, ಆಮೇಲೆ ಲೈನರ್. ಮಟ್ಟ ಎಲ್ಲಿಗೆ ಬಂದು ನಿಲ್ಲುತ್ತದೋ ಆ ಎತ್ತರದ ಸುತ್ತಲೇ ತೂತಿರುತ್ತದೆ.

ಹದಿನೈದು ದಿನ ಊರಿಗೆ ಹೋಗುವುದಿದ್ದರೆ ಕೊಳ ತುಂಬಿಸಿ, ಪಂಪಿನ ಪ್ಲಗ್ ತೆಗೆದು ಹೋಗಿ. ಗಿಡಗಳಿರುವ ಕೊಳದಲ್ಲಿ ಹತ್ತು ಸಣ್ಣ ಮೀನಿಗೆ ಪಂಪಿಲ್ಲದೆಯೂ ನಡೆಯುತ್ತದೆ, ಆಹಾರ ಹಾಕಲು ಯಾರೂ ಬರಬೇಕಿಲ್ಲ. ಬರುವವರು “ಪಾಪ, ಹಸಿದಿರುತ್ತವೆ” ಎಂದು ಹಿಡಿ ಅನ್ನ ಹಾಕಿ ಹೋಗುತ್ತಾರೆ. ಹಾಕಬೇಡಿ ಎಂದು ಹೇಳಿಯೇ ಬೀಗದ ಕೈ ಕೊಡಿ.